ಕುರಾಮೊಚಿ ಸರ್ ಅಳಿಸಿದ ಸಮೀಕರಣ

೧೩ ಮಾರ್ಚ್ ೨೦೧೪, ಗುರುವಾರ



ಹಡಗಿನ ಚುಕ್ಕಾಣಿ ನಿಯಂತ್ರಿಸುವ ಗಣಿತ ಬರೆಯುತ್ತಿದ್ದ ಎಂಜಿನಿಯರ್ ಕುರಾಮೊಚಿ ಸರ್, ನಡುವಯಸ್ಸಿನಲ್ಲಿ ಮಿದುಳಿನ ಸಂಶೋಧನೆಗೆ ತಿರುಗಿದವರು. ಮಿದುಳು ಹೇಗೆ ಕಲಿಯುತ್ತದೆ ಎಂಬ ಅವರ ಸಮೀಕರಣದಿಂದಲೇ ಹೆಸರಾದವರು. ಅವರ ಲ್ಯಾಬಿನಲ್ಲೇ ನಾನು ಮಾಡಿದ ಪ್ರಯೋಗದಲ್ಲಿ ಅದು ತಪ್ಪೆಂದು ಬಂದಿತ್ತು. ನಿನ್ನೆ ತೋರಿಸಿದಾಗ ಒಂದು ಮಾತೂ ಆಡದೆ ಎದ್ದು ಹೋದರು. ಕೆಲಸವೂ ಹೋಯಿತು, ಈ ದೇಶದಲ್ಲಿ ಉಳಿಯಲು ಬೇಕಾದ ವರ್ಕ್ ಪಾಸೂ ಹೋಯಿತು ಎಂದು ಗಂಡ ಸಂಪತ್‌ಗೆ ಹೇಳಿದ್ದೆ.

ಇಂದು ಬ್ಯೂನಾ ವಿಸ್ಟಾದ ನಮ್ಮ ಸಂಸ್ಥೆಯಲ್ಲಿ ಅವರ ನಿವೃತ್ತಿಯ ಉಪನ್ಯಾಸ. ಸಭಾಂಗಣ ತುಂಬಿತ್ತು. ಬೋರ್ಡಿನ ಮೇಲೆ ತಮ್ಮ ಸಮೀಕರಣ ಬರೆದರು. ಚಪ್ಪಾಳೆ ನಿಲ್ಲುವ ಮೊದಲೇ ಅದನ್ನು ಅಳಿಸಿಬಿಟ್ಟರು!

"ಇದು ತಪ್ಪು. ಕಂಡುಹಿಡಿದವರು ಅಲ್ಲಿ ಕೂತಿದ್ದಾರೆ. ಅನಘಾ, ಬನ್ನಿ. ಉಳಿದ ಸಮಯ ನಿಮ್ಮದು."

ವೇದಿಕೆಗೆ ಹೇಗೆ ಹೋದೆನೋ, ಏನು ಹೇಳಿದೆನೋ, ಒಂದೂ ನೆನಪಿಲ್ಲ. ಸರ್ ಮುಂದಿನ ಸಾಲಿನಲ್ಲಿ ಕೂತು ಬರೆದುಕೊಳ್ಳುತ್ತಿದ್ದರು.

ಆಮೇಲೆ ಕೇಳಿದೆ, "ನಿನ್ನೆ ಯಾಕೆ ಸರ್ ಏನೂ ಹೇಳಲಿಲ್ಲ?"

"ಮನೆಗೆ ಹೋಗಿ ಲೆಕ್ಕ ಮತ್ತೆ ಮಾಡಿದೆ. ನಿಮ್ಮದೇ ಸರಿ. ಆಮೇಲೆ ಸ್ವಲ್ಪ ಅತ್ತೆ," ಎಂದರು.

ಈಗ ಸಂಪತ್ ಪಕ್ಕದಲ್ಲಿ ಕೂತು ಕೇಳುತ್ತಿದ್ದಾನೆ, "ಜಾಬ್ ಸೇಫ್ ಆಯ್ತಲ್ವಾ? ಮತ್ಯಾಕೆ ಅಳ್ತಿದೀಯಾ?"

ನನ್ನ ಲೆಕ್ಕವನ್ನೂ ಒಂದು ದಿನ ಯಾರೋ ತಪ್ಪೆಂದು ತೋರಿಸುತ್ತಾರೆ. ಆಗ ಅಷ್ಟು ಜನರ ಎದುರು ನಾನು ಅದನ್ನು ಹೀಗೆ ಅಳಿಸಬಲ್ಲೆನೇ?