ದೊಡ್ಡಮೂಗಿನ ಹೊಸ ಸೋಪು

ಮಾರ್ಚ್ ೧೨, ಮಂಗಳವಾರ

ಎಷ್ಟು ತೊಳೆದರೂ ಆ ಸೋಪಿನ ನಾತ ಕೈಬಿಟ್ಟು ಹೋಗುತ್ತಿಲ್ಲ. ನಮ್ಮ ಕಾರ್ಖಾನೆಯ ಪರಿಮಳ ತಜ್ಞ, ಬೆನ್ನ ಹಿಂದೆ ನಾವೆಲ್ಲ ದೊಡ್ಡಮೂಗು ಎನ್ನುವ ಮಹಾಶಯ, ಮೆಚ್ಚಿ ಮಾಡಿಸಿದ ಸೋಪು. ಆತನಿಗದು ಜೇನಿನ ಪರಿಮಳವಂತೆ. ಮೂಸಿ ನೋಡಿದವರಲ್ಲಿ ಅರ್ಧ ಜನಕ್ಕೆ ಉಚ್ಚೆ ವಾಸನೆ.

ಅನುಮಾನ ಬಂದು ನಮ್ಮ ಲ್ಯಾಬಿನಲ್ಲೇ ಎಲ್ಲರ ಎಂಜಲಿನ ಜೀನ್ ಪರೀಕ್ಷಿಸಿದೆ. ಆ ವಾಸನೆ ಹಿಡಿಯುವ ಪ್ರೋಟೀನಿನ ಜೀನ್ ಆತನಲ್ಲಿ ಬೇರೆ ಥರ ಇದೆ. ನಾತ ಆತನಿಗೆ ತಟ್ಟುವುದೇ ಇಲ್ಲ. ಫಲಿತಾಂಶ ತೋರಿಸಿದರೆ, "ಇಷ್ಟು ಅನುಭವ ಇರೋ ನನ್ನ ಮೂಗಿಗೇ ಪರೀಕ್ಷೆ ಇಡ್ತೀಯೇನಮ್ಮಾ? ಮೊದಲು ನಿನ್ನ ನೆಗಡಿ ವಾಸಿ ಮಾಡ್ಕೋ" ಅಂದ. ಅನುಭವವಂತೆ, ಅನುಭವ. ಹುಟ್ಟಿನಿಂದ ಬಂದ ಜೀನನ್ನು ಅದು ಬದಲಾಯಿಸುತ್ತದೆಯೇ?

ಸಂಜೆ ಲಿಫ್ಟಿನಲ್ಲಿ ಅದೇ ಸೋಪಿನಿಂದ ತೊಳೆದ ಕೈಯನ್ನು ನಮ್ಮ ಮುಖದ ಹತ್ತಿರ ತಂದು, "ಹೇಗಿದೆ?" ಎಂದ. ಉಳಿದವರು ಉಸಿರು ಬಿಗಿಹಿಡಿದು ಸುಮ್ಮನೆ ತಲೆಯಾಡಿಸಿದರು.

"ಘಮ್ಮಂತಿದೆ ಸರ್" ಅಂದವಳು ನಾನು. ಥೂ.