ಏಳನೇ ತರಗತಿಯ ಹೊಸ ರಟ್ಟು

ಸೆಪ್ಟೆಂಬರ್ 9, ಮಂಗಳವಾರ

ಪ್ರೀತಿಯ ತಂಗಿಗೆ ಅಕ್ಕನ ಆಶೀರ್ವಾದ.

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲ. ಬೈದುಕೋ, ತಪ್ಪು ನನ್ನದೇ. ನಿನ್ನ ಮಗಳು ಆರೋಗ್ಯವಾಗಿದ್ದಾಳೆ. ಹಾಸ್ಟೆಲಿನ ಊಟಕ್ಕೆ ಹೆಸರಿಡುವುದನ್ನೂ ಬಿಟ್ಟಿಲ್ಲ. ಅಷ್ಟರ ಮಟ್ಟಿಗೆ ನಿಶ್ಚಿಂತೆಯಿಂದಿರು. ನಿದ್ದೆ ಕೆಟ್ಟಿರುವುದು ನನ್ನದು.

ಹೊಸ ಪಠ್ಯಕ್ರಮದ ಕಾಯ್ದೆ ಪಾಸಾದದ್ದು ನಿನಗೆ ಗೊತ್ತಲ್ಲ. ವರ್ಷಕ್ಕೊಂದು ತರಗತಿಯಂತೆ ಜಾರಿ ಮಾಡುತ್ತಾರಂತೆ. ಮೊದಲ ಸರದಿ ಏಳನೇ ತರಗತಿಯದು, ಅಂದರೆ ನಮ್ಮ ಮಾತಿನಮಲ್ಲಿ ನಿನ್ನ ಮಗಳದೇ. ಆಗಸ್ಟ್ ಮುಗಿಯುವುದರೊಳಗೆ ಪ್ರತಿ ಮಗುವಿನ ಕೈಯಲ್ಲೂ ಹೊಸ ಪುಸ್ತಕ ಇರಬೇಕು, ಇಲ್ಲದಿದ್ದರೆ ಶಾಲೆಯ ಮಾನ್ಯತೆ ರದ್ದು. ಕಣ್ಣಿದ್ದವರ ಪುಸ್ತಕ ಅಚ್ಚಾಗಿ ಬಂತು. ನಮ್ಮ ಅಂಧ ಮಕ್ಕಳ ಪುಸ್ತಕ ಯಾರು ಮಾಡಬೇಕೆಂದು ಕಾಯ್ದೆಯಲ್ಲಿ ಒಂದು ಸಾಲೂ ಇಲ್ಲ. ಇರುವುದು ಒಂದು ಬ್ರೈಲ್ ಯಂತ್ರ, ನನ್ನ ಎರಡು ಕೈ. ಅವರ ಒಂದು ತೆಳ್ಳನೆಯ ಪುಸ್ತಕ ನಮ್ಮಲ್ಲಿ ಐದು ದಪ್ಪ ಸಂಪುಟವಾಗುತ್ತದೆ. ಚುಕ್ಕಿ ಒತ್ತಿ ಒತ್ತಿ ಬೆರಳು ಮರಗಟ್ಟಿದರೂ ಮುಗಿದದ್ದು ಒಂದೇ ಪಾಠ. ಉಳಿದದ್ದನ್ನು ಮಕ್ಕಳಿಗೆ ಓದಿ ಹೇಳುತ್ತಿದ್ದೆ.

ಪುಸ್ತಕ ತಲುಪಿದೆಯೇ ಎಂದು ನೋಡಲು ಇಲಾಖೆಯವರು ತಪಾಸಣೆಗೆ ಬರುವುದಕ್ಕೆ ಎರಡು ದಿನವಿರುವಾಗ ಹೆಡ್‌ಮೇಡಂ ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು. ಶಾಲೆ ಮುಚ್ಚಿದರೆ ನಲವತ್ತು ಮಕ್ಕಳು ಎಲ್ಲಿಗೆ ಹೋಗಬೇಕು ಎಂದು ಕಣ್ಣೀರು ಹಾಕಿದರು. ಆಮೇಲೆ ಮೆಲ್ಲಗೆ, "ಹಳೇ ಪುಸ್ತಕಕ್ಕೆ ಹೊಸ ರಟ್ಟು ಹಾಕ್ಬಿಡಿ. ಅವರಿಗೇನು ಚುಕ್ಕಿ ಓದೋಕೆ ಬರತ್ತಾ?" ಅಂದರು. ಮೇಲೆ ಥಳಕು, ಒಳಗೆ ಹುಳುಕು. ಹಾಕಿದೆ ಕಣೇ. ಎಲ್ಲರಿಗೂ ಹೊಸ ಪುಸ್ತಕ ತಲುಪಿದೆ ಎಂಬ ಕಾಗದಕ್ಕೆ ಸಹಿಯನ್ನೂ ಹಾಕಿದೆ.

ತಪಾಸಣೆಯ ದಿನ ಬೆಳಿಗ್ಗೆ ಪುಸ್ತಕ ಹಂಚಿ ಮುಗಿದಿತ್ತಷ್ಟೇ, ಅಧಿಕಾರಿ ಅಚ್ಚಿನ ಪ್ರತಿ ಹಿಡಿದು ತರಗತಿಗೆ ಬಂದರು. ನಿನ್ನ ಮಗಳನ್ನೇ ಎಬ್ಬಿಸಿ ಮೂರನೇ ಪಾಠ ಓದು ಅಂದರು. ಅವಳು ಓದಿದಳು. ಅವರು ಸಾಲು ಸಾಲೂ ಹೋಲಿಸಿ ನೋಡಿ, ಭೇಷ್ ಅಂದು ಹೋದರು. ಹೇಗೆ ಓದಿದಳು ಎನ್ನುವುದನ್ನು ಕೊನೆಯಲ್ಲಿ ಬರೆಯುತ್ತೇನೆ, ಧೈರ್ಯ ಬಂದರೆ.

ಅಂದಿನಿಂದ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಗತಿ ನನ್ನದು. ಗೇಟಿನ ಹತ್ತಿರ ಕಾರು ನಿಂತರೆ ಕಿಟಕಿಗೆ ಓಡುತ್ತೇನೆ. ಕೆಲಸ ಹೋದರೆ ಹೋಗಲಿ ಬಿಡು ಎನ್ನುತ್ತಾರೆ ನಿನ್ನ ಭಾವ, ಹೇಳುವುದು ಸುಲಭ. ನನಗೆ ಅದಕ್ಕಿಂತ ಹೆಚ್ಚಿನ ಹೆದರಿಕೆ ಮಾರ್ಚ್‌ನದು. ಪರೀಕ್ಷೆ ಹೊಸ ಪಠ್ಯದ್ದು. ಅಷ್ಟರೊಳಗೆ ನಾನು ಮುಗಿಸದಿದ್ದರೆ ಈ ಮಕ್ಕಳು ಬೆರಳಿಟ್ಟೇ ನೋಡದ ಪುಸ್ತಕಕ್ಕೆ ಉತ್ತರ ಬರೆಯಬೇಕು. ಪುಸ್ತಕ ಕೊಡಿ ಎಂದು ಇಲಾಖೆಯನ್ನು ಕೇಳೋಣವೆಂದರೆ, ಕೊಟ್ಟಾಗಿದೆ ಎಂದು ನನ್ನದೇ ಸಹಿ ಇದೆ.

ನಿನ್ನ ಬೆನ್ನುನೋವು ಹೇಗಿದೆ? ಭಾರ ಎತ್ತಬೇಡ. ಎಲ್ಲರೂ ತಣ್ಣಗಿರಿ.

ನಿನ್ನ ಅಕ್ಕ

ಇನ್ನೊಂದು ಮಾತು: ಅವಳ ಮುಂದಿದ್ದ ಪುಟದಲ್ಲಿ ಆ ಪಾಠವೇ ಇರಲಿಲ್ಲ. ಹಿಂದಿನ ವಾರ ನಾನು ಓದಿ ಹೇಳಿದ್ದನ್ನು ಬಾಯಿಪಾಠ ಒಪ್ಪಿಸುತ್ತಾ, ಹಳೆಯ ಪಾಠದ ಮೇಲೆ ಬೆರಳು ಓಡಿಸಿದಳು. ಯಾರೂ ಹೇಳಿಕೊಟ್ಟಿರಲಿಲ್ಲ. ಆಮೇಲೆ ನನ್ನ ಕಿವಿಯಲ್ಲಿ, "ನಿನ್ ಕೆಲಸ ಹೋಗಲ್ಲ ಅಲ್ವಾ ದೊಡ್ಡಮ್ಮಾ?" ಅಂದಳು. ನಿನ್ನೆ ಎರಡನೇ ಪಾಠ ಮುಗಿಸಿ, ನಿಜವಾದ ಹೊಸ ಹಾಳೆಗಳನ್ನು ಅವಳ ಕೈಗೆ ಕೊಟ್ಟೆ. ಆರು ವರ್ಷದಿಂದ ನನ್ನ ಕೈಯಿಂದ ಕಸಿದುಕೊಂಡು ಓದುತ್ತಿದ್ದ ಹುಡುಗಿ ಬೆರಳನ್ನೇ ಇಡಲಿಲ್ಲ. ಮಡಿಲಲ್ಲಿಟ್ಟುಕೊಂಡು, "ಇದು ನಮಗಾ, ಸಾಹೇಬ್ರಿಗಾ?" ಎಂದು ಕೇಳಿದಳು.