ಕೆಂಪಿರಬೇಕಾದ ನಟ್ಟುಗಳು

ಭಾನುವಾರ, ಬೆಳಗಿನ ಹೊತ್ತು

ಚಿರಂಜೀವಿ ಮೆಣಸಿನಕಾಯಿಗೆ,

ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಕ್ಷೇಮ ಸಮಾಚಾರ ಆಮೇಲೆ. ಮೊದಲು ಇದು: ನಮ್ಮ ಜೀಪಿನ ಯಾವ ಚಕ್ರದ ಯಾವ ನಟ್ಟಿಗೂ ಪಾನಾ ಹಾಕಬೇಡ. ಈಗಾಗಲೇ ಪಾನಾ ಕೈಯಲ್ಲಿದ್ದರೆ ಕೆಳಗಿಡು. ಚಕ್ರದ ಪಕ್ಕ ಯಾರಾದರೂ ಕುಕ್ಕರಗಾಲಲ್ಲಿ ಕೂತಿದ್ದರೆ ಎಬ್ಬಿಸಿ ಆಚೆ ಕಳಿಸು. ಆಮೇಲೆ ಈ ಪತ್ರವನ್ನು ಕೊನೆಯವರೆಗೆ ಓದು.

ನೀನೀಗ ಮೂಗು ಮುರಿಯುತ್ತಿದ್ದೀಯ, ನನಗೆ ಗೊತ್ತು. "ಶುರುವಾಯ್ತು ನೋಡಮ್ಮಾ ನಿನ್ ತಮ್ಮನ ನಾಟಕ" ಎಂದು ಅಕ್ಕನ ಕಡೆ ತಿರುಗಿ ಹೇಳಿಯೂ ಆಗಿರುತ್ತದೆ. ನಿನ್ನ ತಪ್ಪಲ್ಲ ಬಿಡು. ಕಾರ್ಬುರೇಟರ್ ಸೋರುತ್ತಿದೆ ಎಂದು ಹುಯಿಲೆಬ್ಬಿಸಿ ನಿನ್ನನ್ನು ಸೀಟಿನಿಂದ ಇಳಿಸಿ, ಊರ ಸುತ್ತ ಮೊದಲ ಸವಾರಿ ನಾನೇ ಹೊಡೆದವನು. ಹುಲಿ ಬಂತು ಹುಲಿ ಎಂದು ಕೂಗಿ ಕೂಗಿ ಅಭ್ಯಾಸವಾದವನ ಮಾತನ್ನು ಯಾರು ನಂಬುತ್ತಾರೆ? ಆದರೆ ಆ ಕಥೆಯ ಕೊನೆಯಲ್ಲಿ ಹುಲಿ ಬಂದೇ ಬರುತ್ತದೆ, ಮರೆಯಬೇಡ.

ನಿನ್ನ ಫೋನಿಗೆ ಮಾಡಿ ಮಾಡಿ ಬೆರಳು ಸವೆಯಿತು. ನಿನ್ನೆ ಸಂಜೆಯಿಂದ ಅದು ಸತ್ತಿದೆ, ಅಥವಾ ನನ್ನ ಪಾಲಿಗೆ ಮಾತ್ರ ಸತ್ತಿದೆ. ಅಕ್ಕನದು ಎಂದಿನಂತೆ ಅಡುಗೆಮನೆಯ ಸಕ್ಕರೆ ಡಬ್ಬಿಯ ಹಿಂದೆಯೇ ಕೂಗುತ್ತಿರಬೇಕು. ಹೇಗೂ ಮೇಳ ನಡೆಯುವ ಆ ಗುಡ್ಡದ ಮೇಲೆ ಯಾರ ಫೋನೂ ಉಸಿರಾಡುವುದಿಲ್ಲ. ನಿಮ್ಮ ಹಳೇ ಗಾಡಿಗಳ ಮೇಳಕ್ಕೆ ಕುರ್ಚಿ, ಶಾಮಿಯಾನ ಒಯ್ಯುವ ಲಾರಿಯೊಂದು ಇಲ್ಲೇ ಎದುರಿಗೆ ತುಂಬುತ್ತಿದೆ. ಡ್ರೈವರು ನನಗೆ ಪರಿಚಯ. "ಮೇಲೆ ಹೋದ ತಕ್ಷಣ, ಕುರ್ಚಿ ಇಳಿಸೋಕೂ ಮುಂಚೆ, ಆ ಹುಡುಗಿ ಹತ್ರ ಹೋಗಿ ನಟ್ಟು ಮುಟ್ಬೇಡಿ ಅಂತ ಕೂಗ್ಬೇಕು" ಎಂದು ಹೇಳಿಕೊಟ್ಟು, ಎರಡು ಸಲ ಅವನ ಬಾಯಲ್ಲೇ ಹೇಳಿಸಿಯೂ ಆಗಿದೆ. ಅವನು ಕೂಗುತ್ತಾನೆ. ಆದರೆ ಕೂಗು ಯಾರದ್ದೆಂದು ತಿಳಿದರೆ ನೀನು ಬೇಕೆಂದೇ ಪಾನಾ ಎತ್ತಿಕೊಳ್ಳುವವಳು. ಅದಕ್ಕೇ ಪತ್ರ. ಅವನು ಹಾರ್ನ್ ಒತ್ತುವವರೆಗೆ ಬರೆಯುತ್ತೇನೆ.

ಅಕ್ಷರ ನೋಡಿ ಕೋಳಿ ಕೆದರಿದ ಹಾಗಿದೆ ಎನ್ನಬೇಡ. ನಮ್ಮೂರ ಶಾಲೆಯಲ್ಲಿ ನನ್ನ ಕಾಪಿ ಪುಸ್ತಕವನ್ನು ಮೇಷ್ಟ್ರು ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದರು. ಇನ್‌ಸ್ಪೆಕ್ಟರು ಬಂದಾಗ ಮೊದಲು ಅದನ್ನೇ ತೋರಿಸುತ್ತಿದ್ದದ್ದು. ಇದು ಬೆಂಚಿನ ದೋಷ. ಕ್ಷೌರದಂಗಡಿಯ ಬೆಂಚು, ಒಂದು ಕಾಲು ಕುಂಟು. ನಾನೇ ಲಾರಿ ಹತ್ತಿ ಬಂದುಬಿಡುತ್ತಿದ್ದೆ. ಆದರೆ ಗಡ್ಡ ಬೋಳಿಸದೆ ನಾಲ್ಕು ಜನರೆದುರು ನಿಲ್ಲುವ ಜಾಯಮಾನ ನನ್ನದಲ್ಲ ಎಂದು ನಿನಗೆ ಗೊತ್ತಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಗುಜರಿಯಿಂದ ತಂದ ಜೀಪನ್ನು ರಿಪೇರಿ ಮಾಡಲು ಶೆಡ್ಡಿನಲ್ಲಿ ಕೆಲಸ ಹಂಚಿಕೊಂಡದ್ದು ನೆನಪಿದೆಯಲ್ಲ? ಎಂಜಿನ್ನು, ಗೇರು, ವೈರು ನಿನಗೆ. ಚಕ್ರ, ತಗಡು, ಬಣ್ಣ ನನಗೆ. ಆದ್ದರಿಂದ ಚಕ್ರದ ಗುಟ್ಟು ನಿನಗೆ ಗೊತ್ತಿರುವ ಪ್ರಮೇಯವಿಲ್ಲ. ಮಿಲಿಟರಿ ಜೀಪಿನ ಚಕ್ರ ಊರ ಕಾರಿನ ಚಕ್ರದಂತಲ್ಲ. ಅದರ ಉಕ್ಕಿನ ರಿಮ್ಮು ಎರಡು ಹೋಳು. ರೊಟ್ಟಿಯ ಮೇಲೆ ರೊಟ್ಟಿ ಇಟ್ಟಂತೆ ಎರಡನ್ನೂ ಜೋಡಿಸಿ, ನಡುವೆ ಟೈರು ಕೂರಿಸಿ, ಸುತ್ತ ನಟ್ಟು ಬಿಗಿದಿರುತ್ತಾರೆ. ಗುಂಡು ತಗುಲಿ ಗಾಳಿ ಹೋದರೂ ಟೈರು ಕಳಚಿಕೊಳ್ಳಬಾರದೆಂದು ಮಾಡಿದ ಉಪಾಯ. ಹಾಗಾಗಿ ಚಕ್ರದ ಮುಖದ ಮೇಲೆ ನಟ್ಟುಗಳ ಎರಡು ಸುತ್ತು. ಒಳಸುತ್ತಿನವು ಚಕ್ರವನ್ನು ಗಾಡಿಗೆ ಹಿಡಿದಿಡುವವು. ಅವನ್ನು ಬಿಚ್ಚಬಹುದು. ಹೊರಸುತ್ತಿನವು ಎರಡು ಹೋಳನ್ನು ಹಿಡಿದಿಡುವವು. ಗಾಳಿ ಇರುವಾಗ ಅವನ್ನು ಬಿಚ್ಚಿದರೆ, ಮಗಳೇ, ಅದು ಚಕ್ರವಲ್ಲ, ಬಾಂಬು.

ಯಾರೂ ಎಡವಬಾರದೆಂದೇ ಸೈನ್ಯದವರು ಹೊರಸುತ್ತಿಗೆ ಕೆಂಪು ಬಣ್ಣ ಬಳಿದಿದ್ದರು. ಹಳೇ ಬಣ್ಣ ಕೆರೆಯುವಾಗ ಅದು ಹಸಿರಿನ ಅಡಿಯಿಂದ ಇಣುಕಿತು. ನೀನು ಕೈಯೆಲ್ಲ ಗ್ರೀಸು ಮಾಡಿಕೊಂಡು ಬಂದು ಬಗ್ಗಿ ನೋಡಿ, "ಮಾವಾ, ಇವಿಷ್ಟೇ ಯಾಕೆ ಕೆಂಪಗಿವೆ? ಏನೋ ಕಾರಣ ಇರ್ಬೇಕಲ್ವಾ?" ಅಂದೆ. ನಾನೇನಂದೆ? "ಪೊದೆಯಲ್ಲಿ ಅಡಗಿ ಕೂರೋ ಗಾಡಿಗೆ ಕೆಂಪು ಗುಂಡಿ ಹೊಲಿದ್ರೆ ಶತ್ರೂನ ಕೈಬೀಸಿ ಕರ್ದ ಹಾಗಲ್ವೇನೇ? ಇದು ಯಾವನೋ ಸೋಮಾರಿ ಸಿಪಾಯಿ ಉಳಿದ ಬಣ್ಣ ಬಳ್ದಿರೋದು" ಅಂದೆ. ಮಾತು ನನಗೇ ಎಷ್ಟು ಹಿಡಿಸಿತೆಂದರೆ, ಆ ವಾರ ಬಂದು ಹೋದವರಿಗೆಲ್ಲ ಅದನ್ನೇ ಹೇಳಿದೆ. ಹೇಳಿದ ಮೇಲೆ ಐದೂ ಚಕ್ರಕ್ಕೆ ಒಂದೇ ಕೈಯಲ್ಲಿ ಹಸಿರು ಹೊಡೆದೆ. ಹನಿ ಇಳಿಯದಂತೆ, ಕುಂಚದ ಗೆರೆ ಕಾಣದಂತೆ. ಅಂಥ ಕೈ ಈ ಸುತ್ತಿನಲ್ಲಿ ಇನ್ನೊಂದಿಲ್ಲ ಎಂದು ಈಗಲೂ ಹೇಳುತ್ತೇನೆ. ಆದರೆ ಈಗ ನೋಡಿದರೆ ಎಲ್ಲ ನಟ್ಟೂ ಒಂದೇ ತಾಯಿಯ ಮಕ್ಕಳಂತಿವೆ. ಯಾವುದು ಬಿಚ್ಚುವುದು, ಯಾವುದು ಮುಟ್ಟಬಾರದ್ದು, ಬ್ರಹ್ಮನಿಗೂ ತಿಳಿಯದು.

ಮುಂದಿನ ಎಡ ಟೈರು ಸಣ್ಣಗೆ ಗಾಳಿ ಬಿಡುತ್ತಿರುವುದು ನಮ್ಮಿಬ್ಬರಿಗೂ ಗೊತ್ತು. ಗುಡ್ಡ ಹತ್ತುವಷ್ಟರಲ್ಲಿ ಅದು ಮೆತ್ತಗಾಗಿರುತ್ತದೆ. ಹಿಂದೆ ಸ್ಟೆಪ್ನಿ ಇಲ್ಲದ್ದನ್ನೂ ಗಮನಿಸಿರುತ್ತೀಯ. ನಿನ್ನ ಸಿಟ್ಟಿನ ಅವಸರದಲ್ಲಿ ಅದು ಶೆಡ್ಡಿನಲ್ಲೇ ಉಳಿಯಿತು. ಸಂಜೆ ಎಲ್ಲ ಗಾಡಿಗಳೂ ಸಾಲಾಗಿ ಇಳಿಯುವಾಗ ಮುಂದೆ ಇರಬೇಕೆಂಬ ಹಟ ನಿನಗೆ. ಅಲ್ಲಿಯೇ ಚಕ್ರ ಬಿಚ್ಚಿ ಪಂಕ್ಚರ್ ಹಾಕಲು ಹೊರಡುತ್ತೀಯ. ಸುತ್ತ ಸಹಾಯಕ್ಕೆ ಬರುವವರಿಗೋ ಮೈಯೆಲ್ಲ ಉತ್ಸಾಹ, ಕೈಗೊಂದು ಪಾನಾ. "ಗಾಳಿ ಹೇಗೂ ಇಳ್ದಿದೆ, ಉಳಿದಿರೋದು ಏನ್ ಮಾಡುತ್ತೆ, ಬಿಚ್ಚು" ಎಂದು ಒಬ್ಬನಾದರೂ ಅನ್ನುತ್ತಾನೆ.

ಏನು ಮಾಡುತ್ತದೆಂದು ಹೇಳುತ್ತೇನೆ. ನನಗೆ ಗೊತ್ತಿರುವ ಒಬ್ಬ ಮೂರ್ಖನಿದ್ದಾನೆ. ಇಂಥದೇ ಚಕ್ರವನ್ನು ನೆಲಕ್ಕೆ ಮಲಗಿಸಿಕೊಂಡು ಪಂಕ್ಚರ್ ಹಾಕಲು ಕೂತ. ಒತ್ತಿ ನೋಡಿದರೆ ಟೈರು ಬೆಂದ ಗೆಣಸಿನಂತೆ ಮೆತ್ತಗಿತ್ತು. ಗಾಳಿಯಿಲ್ಲ ಎಂದುಕೊಂಡ. ವಾಲ್ವಿನ ಪಿನ್ನು ತೆಗೆದು ನೋಡುವಷ್ಟು ವ್ಯವಧಾನವಿಲ್ಲ. ಒಂದೊಂದೇ ನಟ್ಟು ಬಿಚ್ಚುತ್ತ ಹೋದ. ಕೊನೆಯವು ಬಿಗಿಯಾಗಿದ್ದವು, ಪಾನಾ ಮೇಲೆ ಮೈಭಾರ ಹಾಕಿದ. ರಿಮ್ಮಿನ ಸಂದಿಯಿಂದ ಬೆಕ್ಕು ಸಿಡುಕಿದಂತೆ ಒಂದು ಸದ್ದು. ಅಷ್ಟೇ ಅವನಿಗೆ ನೆನಪಿರುವುದು. ಮೇಲಿನ ಹೋಳು ಶೆಡ್ಡಿನ ತಗಡಿನ ಮಾಡನ್ನು ಸೀಳಿಕೊಂಡು ಹೋಗಿ, ಪಕ್ಕದ ಮನೆಯವರ ನೀರಿನ ತೊಟ್ಟಿಗೆ ಬಿತ್ತು. ಮುಖ ಸ್ವಲ್ಪ ಮುಂದಿದ್ದರೆ ಇವತ್ತು ಅವನ ಫೋಟೋಗೆ ಹಾರ ಹಾಕಬೇಕಿತ್ತು. ಆ ಟೈರಿನಲ್ಲಿದ್ದದ್ದು ಅರೆಬರೆ ಗಾಳಿ. ನಿನ್ನ ನಾಲ್ಕು ಚಕ್ರಗಳಲ್ಲಿ ಮೂರಕ್ಕೆ ನಿನ್ನೆ ನಾನೇ ಕಲ್ಲಿನಂತೆ ಗಾಳಿ ತುಂಬಿದ್ದೇನೆ.

ಒಳಗಿನಿಂದ ಕರೆಯುತ್ತಿದ್ದಾರೆ, ನನ್ನ ಸರದಿಯಂತೆ. ಕಾಯಲಿ. ಕತ್ತರಿ ಹಿಡಿದವರಿಗೆ ಯಾವಾಗಲೂ ಅವಸರ.

ಈಗ ನೀನು ಮಾಡಬೇಕಾದದ್ದು. ಅಕ್ಕನ ಚೀಲದಲ್ಲಿ ಕೆಂಪು ಉಗುರುಬಣ್ಣದ ಬಾಟಲಿ ಇದ್ದೇ ಇರುತ್ತದೆ. ಈ ವಯಸ್ಸಿನಲ್ಲಿ ಯಾಕೆ ಬೇಕಿತ್ತು ಎಂದು ನಾನು ರೇಗಿಸುತ್ತಿದ್ದೆನಲ್ಲ, ಅದೇ. ತೆಗೆದುಕೋ. ನಾಲ್ಕೂ ಚಕ್ರದ ಹೊರಸುತ್ತಿನ ಒಂದೊಂದು ನಟ್ಟಿಗೂ ಬಳಿ. ಒಂದನ್ನೂ ಬಿಡಬೇಡ, ಅಂದಚಂದ ನೋಡಬೇಡ, ನನ್ನ ಹಸಿರು ಕೆಟ್ಟರೆ ಕೆಡಲಿ. ಪಂಕ್ಚರ್ ಅಲ್ಲಿ ಹಾಕುವುದೇ ಬೇಡ. ಪಂಪಿನಲ್ಲಿ ಗಾಳಿ ಹೊಡೆದುಕೊಂಡು ನಿಧಾನಕ್ಕೆ ಇಳಿದು ಬಾ. ಸಾಲಿನಲ್ಲಿ ಕೊನೆಯವಳಾದರೂ ಪರವಾಗಿಲ್ಲ. ತೀರಾ ಚಪ್ಪಟೆಯಾದರೆ ಜೀಪನ್ನು ಅಲ್ಲೇ ಬಿಟ್ಟು ಇದೇ ಲಾರಿಯಲ್ಲಿ ಅಕ್ಕನನ್ನು ಕೂರಿಸಿಕೊಂಡು ಬಂದುಬಿಡು. ಆ ಗಾಡಿ ಇಷ್ಟು ವರ್ಷ ಗುಜರಿಯಲ್ಲಿ ಬಿಸಿಲು ಕಾಯ್ದಿದೆ, ಒಂದು ರಾತ್ರಿ ಗುಡ್ಡದ ಮೇಲೆ ಕೂತರೆ ಸವೆಯುವುದಿಲ್ಲ.

ಇನ್ನೊಂದು ಮಾತಿದೆ. ನಿನ್ನೆ ಮೇಳದ ಕಾರ್ಯದರ್ಶಿ ಗಾಡಿ ನೋಡಲು ಬಂದು, ಎಂಜಿನ್ನಿನ ಸದ್ದು ಕೇಳಿ ಕಣ್ಣರಳಿಸಿ, "ಯಾರ್ರೀ ಬಿಚ್ಚಿ ಕಟ್ಟಿದ್ದು?" ಎಂದಾಗ ನಾನು ಎದೆ ಸೆಟೆಸಿ "ಇನ್ಯಾರು, ನಾನೇ. ನಮ್ಮ ಹುಡುಗಿ ಟಾರ್ಚ್ ಹಿಡ್ಕೊಂಡಿದ್ಳು" ಅಂದೆ. ನೀನು ಬಾನೆಟ್ಟಿನ ಆಚೆ ಇದ್ದೆ ಎಂದು ನನಗೇನು ಕನಸು ಬಿದ್ದಿತ್ತೇ? ನೀನು ಬಾನೆಟ್ಟು ಇಳಿಸಿ, ಕೈ ಒರೆಸಿಕೊಂಡು, "ಸರಿ ಮಾವ, ಹಾಗಿದ್ರೆ ನಾಳೆ ಟಾರ್ಚ್ ಹಿಡ್ಯೋಳೇ ಗಾಡಿ ಓಡಿಸ್ತಾಳೆ. ನೀವು ಮನೇಲಿ ಆರಾಮಾಗಿರಿ" ಎಂದು ಕೀಲಿ ಜೇಬಿಗೆ ಹಾಕಿಕೊಂಡೆ. ಕಾರ್ಯದರ್ಶಿ ನಕ್ಕ. ನಾನೂ ನಕ್ಕೆ.

ಆದ್ದರಿಂದ ಆ ಕಾರ್ಯದರ್ಶಿಯ ಕೈಗೆ ಈ ಪತ್ರ ಕೊಟ್ಟು ಮುಂದಿನ ಸಾಲನ್ನು ಮೈಕಿನಲ್ಲಿ ಓದಿಸು: ಎಂಜಿನ್ನನ್ನು ನಟ್ಟುನಟ್ಟಾಗಿ ಬಿಚ್ಚಿ, ಉಜ್ಜಿ, ಕಟ್ಟಿ, ಅದಕ್ಕೆ ಜೀವ ತಂದವಳು ನನ್ನ ಅಕ್ಕನ ಮಗಳು, ಟಾರ್ಚ್ ಹಿಡಿದುಕೊಂಡಿದ್ದವನು ನಾನು, ಅದನ್ನೂ ಆಗಾಗ ನನ್ನ ಮುಖಕ್ಕೇ ಬಿಟ್ಟುಕೊಂಡು.

ಬರೆದೆ ನೋಡು. ಹಲ್ಲು ಕೀಳಿಸಿಕೊಂಡಷ್ಟು ಸುಲಭವಾಗಲಿಲ್ಲ.

ಲಾರಿಯವನು ಹಗ್ಗ ಬಿಗಿಯುತ್ತಿದ್ದಾನೆ. ಓದಿದ ಗುರುತಿಗೆ ಉತ್ತರ ಬರೆಯಬೇಕಾಗಿಲ್ಲ. ಉಗುರುಬಣ್ಣದ ಖಾಲಿ ಬಾಟಲಿಯನ್ನು ಅವನ ಕೈಗೆ ಕೊಡು, ಸಾಕು. ಅಕ್ಕನಿಗೆ ನಮಸ್ಕಾರ.

ಇಂತು ನಿನ್ನ ಒಳಿತನ್ನೇ ಬಯಸುವ,
ಬಾಯಿಬಡುಕ ಮಾವ

ತಾ.ಕ.: ಮಡಿಸುವ ಮುಂಚೆ ಒಮ್ಮೆ ಓದಿ ನೋಡಿದೆ. ನನಗೇ ನಂಬಿಕೆ ಬರಲಿಲ್ಲ, ಇನ್ನು ನೀನೆಲ್ಲಿ ನಂಬುತ್ತೀಯ. ಮೂರ್ಖನ ಕಥೆ ಮಾವ ಕಟ್ಟಿದ್ದು ಎಂದು ನಕ್ಕು ಪಾನಾ ಎತ್ತಿಕೊಂಡರೆ ನಾನೇನು ಮಾಡಲಿ? ಹಾಗಾಗಿ ಅಕ್ಷರವನ್ನು ಇನ್ನೊಮ್ಮೆ ನೋಡು. ಬೆಂಚು ಸರಿಯಾಗಿಯೇ ಇದೆ. ಇದು ಎಡಗೈ ಬರಹ. ಇದು ಕ್ಷೌರದಂಗಡಿಯೂ ಅಲ್ಲ, ಆಸ್ಪತ್ರೆ. ಒಳಗೆ ಕರೆಯುತ್ತಿರುವವರ ಕತ್ತರಿ ಬೇರೆ ಥರದ್ದು. ಬೆಳಗಾಗುತ್ತಲೇ ನೀನು ಹೊರಟ ಸದ್ದು ಕೇಳಿ, ಸ್ಟೆಪ್ನಿಗೆ ಪಂಕ್ಚರ್ ಹಾಕಿ ಹಿಂದೆಯೇ ತಂದುಕೊಟ್ಟು ರಾಜಿಯಾಗೋಣ ಎಂದು ಕೂತ ಆ ಮೂರ್ಖ ನಾನೇ. ಬಲಗೈ ಹೆಬ್ಬೆರಳು ಉಳಿಯಿತಂತೆ, ಪಕ್ಕದ ಎರಡರ ಬಗ್ಗೆ ಇನ್ನೂ ಮಾತುಕತೆ ನಡೆದಿದೆ. ಗುಡ್ಡ ಇಳಿಯುವವರೆಗೆ ಅಕ್ಕನಿಗೆ ಹೇಳಬೇಡ. ಅವಳು ಅಳಲು ಶುರುಮಾಡಿದರೆ ನಿನಗೆ ರಸ್ತೆ ಕಾಣುವುದಿಲ್ಲ. ಒಳಗೆ ಮಲಗಿಸಿದರೂ ನನ್ನ ಕಿವಿ ಲಾರಿಯ ಹಾರ್ನಿನ ಮೇಲೇ ಇರುತ್ತದೆ. ಆ ಬಾಟಲಿ ಬರಲಿ, ಮಗಳೇ. ಮುಂದಿನ ಕೆಲಸವೆಲ್ಲ ನಿನ್ನದೇ, ಚಕ್ರವೂ ಬಣ್ಣವೂ ಸೇರಿ. ಟಾರ್ಚ್ ಹಿಡಿಯಲು ನನಗೆ ಎಡಗೈ ಸಾಕು.